ಹೆಸರಿಡದ ಕೂಸುಗಳ ಲೆಕ್ಕ

ಸರ್ ತೀರಿಕೊಂಡು ಮೂರು ತಿಂಗಳಾಯಿತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, ಸ್ಮರಣ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಬೇಕು ಎಂದರು. "ನಿಮಗಿಂತ ಹತ್ತಿರದವರು ಇನ್ಯಾರಿದ್ದಾರೆ ಮೇಡಂ? ಅವರ ಪುಸ್ತಕಕ್ಕೆ ಅಷ್ಟೆಲ್ಲ ಕೆಲಸ ಮಾಡಿದ್ದು ನೀವೇ ಅಲ್ವಾ?" ಎಂದು ಒತ್ತಾಯ ಬೇರೆ. ಒಪ್ಪಿಕೊಂಡೆ. ಬೇಡ ಎಂದಿದ್ದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಹೇಳಬೇಕಾದ್ದನ್ನು ಹೇಳದೆ ಜಾರಿಕೊಳ್ಳುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಎರಡು ಪುಟದಲ್ಲಿ ಮುಗಿಯುವ ವಿಷಯವಲ್ಲ ಇದು. ಸಂಚಿಕೆಯವರು ಹಾಕಿಕೊಳ್ಳಲಿ ಬಿಡಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸರ್ ಸತ್ತವರನ್ನು ಎಣಿಸುತ್ತಿದ್ದರು. ಇದಕ್ಕಿಂತ ನಯವಾಗಿ ಹೇಳಲು ನನಗೆ ಬರುವುದಿಲ್ಲ, ಅವರಿಗೂ ನಯವಾಗಿ ಹೇಳುವುದು ಇಷ್ಟವಿರಲಿಲ್ಲ. ಧಾರವಾಡದ ಕಡೆಯವರು. ಸಂಖ್ಯಾಶಾಸ್ತ್ರ ಕಲಿಸಲು ಹರೆಯದಲ್ಲಿ ಕೌಲಾಲಂಪುರಕ್ಕೆ ಬಂದವರು, ಇಲ್ಲೇ ನಿವೃತ್ತರಾಗಿ ಪುಚೊಂಗ್‌ನ ಸಾಲುಮನೆಯೊಂದರಲ್ಲಿ ಹೆಂಡತಿಯೊಂದಿಗೆ ನೆಲೆಸಿದ್ದರು. ಕೆಲಸದಲ್ಲಿದ್ದಾಗ ಪ್ರತಿ ಶನಿವಾರ ಬಸ್ಸು ಹತ್ತಿ ಯಾವುದಾದರೊಂದು ರಬ್ಬರ್ ತೋಟಕ್ಕೆ ಹೋಗುತ್ತಿದ್ದರಂತೆ. ಹಿಂದೆ ನಮ್ಮ ದೇಶದಿಂದ, ಹೆಚ್ಚಾಗಿ ತಮಿಳು ಸೀಮೆಯಿಂದ, ಕೂಲಿಗೆಂದು ಬಂದವರು ಆ ತೋಟಗಳ ಲೈನ್ ಮನೆಗಳಲ್ಲಿ ಹುಟ್ಟಿ, ದುಡಿದು, ಅಲ್ಲೇ ಸತ್ತರು. ಒಂದೊಂದು ತೋಟಕ್ಕೂ ಒಂದು ಸಣ್ಣ ದವಾಖಾನೆ, ಅದಕ್ಕೊಬ್ಬ ಡ್ರೆಸ್ಸರ್. ಡಾಕ್ಟರಲ್ಲ, ಆದರೆ ಡಾಕ್ಟರು ಬರದ ದಿನಗಳಲ್ಲೆಲ್ಲ ಅವನೇ ಡಾಕ್ಟರು. ಯಾರು ಸತ್ತರೂ ಅವನು ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುತ್ತಿದ್ದ. ಸರ್ ಆ ಸಾಲುಗಳನ್ನು ನಕಲು ಮಾಡಿಕೊಳ್ಳುತ್ತಿದ್ದರು. ಒಂದು ಸಾವಿಗೆ ಒಂದು ಕಾರ್ಡ್. ಆಮೇಲೆ ತೋಟಗಳು ಮಾರಾಟವಾದವು, ರಬ್ಬರ್ ಹೋಗಿ ಎಣ್ಣೆತಾಳೆ ಬಂತು, ತಾಳೆ ಹೋಗಿ ಕಾಂಡೋಗಳು ಎದ್ದವು, ರಿಜಿಸ್ಟರುಗಳನ್ನು ಯಾರೋ ಸುಟ್ಟರು, ಉಳಿದವನ್ನು ಗೆದ್ದಲು ತಿಂದಿತು. ಕೊನೆಗೆ ಅವರ ಮನೆಯ ನಡುಕೋಣೆಯಲ್ಲಿದ್ದ ಬಿಸ್ಕತ್ತಿನ ತಗಡು ಡಬ್ಬಿಗಳಲ್ಲಿ ಮಾತ್ರ ಆ ಜನ ಉಳಿದರು.

ನಾನು ಅವರನ್ನು ಮೊದಲು ನೋಡಿದ್ದು ಮಾಂಟ್ ಕಿಯಾರಾದ ಕಾಂಡೋ ಒಂದರ ಹಾಲ್‌ನಲ್ಲಿ ನಡೆದ ಯುಗಾದಿ ಊಟದಲ್ಲಿ. ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಕೂತಿದ್ದೆ. ಬಿಳಿ ಅರ್ಧತೋಳಿನ ಶರ್ಟು ತೊಟ್ಟ ಎತ್ತರದ ಮುದುಕರೊಬ್ಬರು ಎದುರಿಗೆ ಬಂದು ಕೂತು, ಹೆಸರು ಕೂಡ ಕೇಳದೆ ಶುರು ಮಾಡಿದರು.

"ನಿಮ್ಮ ಅಜ್ಜಿ ಎಷ್ಟ ಹಡದಿದ್ರು?"

"ಅಜ್ಜಿನಾ? ನಾಲ್ಕು ಜನ ಮಕ್ಕಳು ಅಂಕಲ್."

"ಅವು ಉಳದದ್ದು. ಹಡದದ್ದು ಎಷ್ಟು?"

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ಬರೀ ಉಳದೋರನ್ನ ಎಣಿಸಿದ್ರ ಹೆಂಗ್ ಲಾ?" ಎಂದು ಅವರು ಮಾತಿನ ಕೊನೆಗೆ ಇಲ್ಲಿಯವರ ‘ಲಾ’ ಸೇರಿಸಿ ನಕ್ಕು ಪಾಯಸದ ಬಟ್ಟಲು ಎತ್ತಿಕೊಂಡರು. ಪಕ್ಕದಲ್ಲಿದ್ದ ಗೆಳತಿ ಮೊಣಕೈಯಿಂದ ತಿವಿದು, "ಚಿತ್ರಗುಪ್ತ ಅಂಕಲ್ ಅಂತಾರೆ ಇವರಿಗೆ, ಹಬ್ಬದ ದಿನಾನೂ ಬಿಡಲ್ಲ, ಎದ್ದು ಬಾ" ಎಂದಳು. ಆ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನಿಲ್ಲ. "ಚಿತ್ರಗುಪ್ತಗ ಪಾಪ ಪುಣ್ಯ ಎಲ್ಲಾ ಬೇಕ್ರಿ. ನನಗ ವಯಸ್ಸಷ್ಟ ಸಾಕು" ಎನ್ನುತ್ತಿದ್ದರು. ಆ ಸಂಜೆ ನಾನು ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅಮ್ಮ, "ಏಳು. ಮೂರು ಹೋದ್ವು. ಯಾಕೆ ಈಗ ಅದೆಲ್ಲ?" ಎಂದರು.

ಹೀಗೆ ನಾನು ಅವರ ಮನೆಗೆ ಹೋಗತೊಡಗಿದೆ. ನಮ್ಮದೂ ಪುಚೊಂಗ್, ನಡೆದರೆ ಹತ್ತು ನಿಮಿಷ. ಅವರ ಹೆಂಡತಿಯನ್ನು ಮೊದಲ ದಿನ "ಆಂಟಿ" ಎಂದಿದ್ದಕ್ಕೆ, "ಆಂಟಿ ಗೀಂಟಿ ಬ್ಯಾಡ, ಕಾಕು ಅನ್ರಿ" ಎಂದು ತಿದ್ದಿದರು. ಕಾಕು ಮಾತಿನಲ್ಲಿ ಖಾರ, ಕೈಯಲ್ಲಿ ರುಚಿ. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಇಡೀ ಕ್ಲಾಂಗ್ ಕಣಿವೆಯ ಅಂಗಡಿಗಳನ್ನು ಬಲ್ಲವರು. ಭಕ್ರಿ ಬಡಿಯುತ್ತಾ ಅಡುಗೆಮನೆಯಿಂದಲೇ ಗಂಡನಿಗೆ ಬೈಯುತ್ತಿದ್ದರು, ಅವರು ಅಲ್ಲಿಂದಲೇ "ಹೂಂ" ಎನ್ನುತ್ತಿದ್ದರು.

ಸರ್ ಕೆಲಸಕ್ಕೆ ಕೂರುವ ರೀತಿ ಒಂದಿತ್ತು. ಡಬ್ಬಿಯಿಂದ ಒಂದು ಕಟ್ಟು ಕಾರ್ಡು ತೆಗೆದು ಮೇಜಿನ ಮೇಲೆ ಕುಟ್ಟಿ ಅಂಚು ಸರಿಮಾಡಿ, ಕಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಹಾಗೇ ಕೂರುತ್ತಿದ್ದರು. ದೇವರಿಗೆ ಕೈ ಮುಗಿಯುತ್ತಿದ್ದಾರೇನೋ ಎಂದು ನಾನು ಒಮ್ಮೆ ಕೇಳಿಯೂ ಬಿಟ್ಟೆ. "ಇಲ್ರೀ, ಫ್ಯಾನಿನ ಗಾಳಿಗೆ ಹಾರ್ತಾವ" ಎಂದರು. ಬೆರಳಿಗೆ ಎಂಜಲು ಹಚ್ಚಿ ಕಾರ್ಡು ತಿರುವುವವರನ್ನು ಕಂಡರೆ ಸಿಡುಕು. ಕರುಣೆಯ ಮಾತಾಡುವವರನ್ನು ಕಂಡರೂ ಸಿಡುಕು. ಶಾಲೆಯ ಸೇವಾ ಗಂಟೆಗಳಿಗಾಗಿ ನನ್ನ ಮಗಳು ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಲು ಬಂದಿದ್ದಳು. ಮೂರನೇ ಕಾರ್ಡಿಗೇ "ಸೋ ಸ್ಯಾಡ್, ತಾತಾ" ಎಂದು ಕಣ್ಣೊರೆಸಿಕೊಂಡಳು. "ಅಳಬ್ಯಾಡವಾ. ಸ್ಪೆಲ್ಲಿಂಗ್ ನೋಡು" ಎಂದರು ಅವರು.

ಸತ್ತವರನ್ನು ಯಾಕೆ ಎಣಿಸಬೇಕು ಎಂದು ಯಾರಾದರೂ ಕೇಳಿದರೆ ಅವರು ತಮ್ಮ ನೆಚ್ಚಿನ ಅಂಗಡಿಯವನ ಕಥೆ ಹೇಳುತ್ತಿದ್ದರು. ಮುನ್ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಆ ಊರಿನಲ್ಲಿ ವಾರವಾರವೂ ಎಷ್ಟು ಜನ ಸತ್ತರು, ಯಾವುದರಿಂದ ಸತ್ತರು ಎಂಬ ಪಟ್ಟಿ ಅಚ್ಚಾಗುತ್ತಿತ್ತು. ಜನ ಅದನ್ನು ಓದಿ, ಪ್ಲೇಗು ಬಂತೋ ಇಲ್ಲವೋ ಎಂದಷ್ಟೇ ನೋಡಿ ಬಿಸಾಡುತ್ತಿದ್ದರು. ಇವನೊಬ್ಬ ಹಳೆಯ ಪಟ್ಟಿಗಳನ್ನೆಲ್ಲ ಕೂಡಿಸಿ, ವ್ಯಾಪಾರದ ಲೆಕ್ಕ ಬಲ್ಲ ಬುದ್ಧಿಯಿಂದ ಕೂತು ನೋಡಿದ. ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಎಳೆಯದರಲ್ಲೇ ಹೋಗುತ್ತಾರೆ, ಮುಪ್ಪಿನವರೆಗೆ ಯಾರು ಮುಟ್ಟುತ್ತಾರೆ ಎಂದು ಲೆಕ್ಕ ತೆಗೆದ. ಅಲ್ಲಿಂದ ಈ ಶಾಸ್ತ್ರ ಶುರುವಾಯಿತು. "ಅರಿವಿ ಅಂಗಡಿಯಾವ್ರೀ! ಪಂಡಿತ ಅಲ್ಲ, ಡಾಕ್ಟರ್ ಅಲ್ಲ. ಗುಂಡಿ, ದಾರ ಮಾರೋ ಮನಷಾ" ಎಂದು ಸ್ವಂತ ಚಿಕ್ಕಪ್ಪನ ಬಗ್ಗೆ ಹೇಳುವಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು. "ಎಳೀ ಕೂಸು ಎಷ್ಟ ಸತ್ವು ಅಂತ ನೋಡ್ರಿ. ಊರು ಹೆಂಗಿತ್ತು ಅಂತ ಅದರಾಗ ಗೊತ್ತಾಗತದ. ದೊಡ್ಡವರು ಸಾಯಲಿಕ್ಕೆ ನೂರ ಕಾರಣ ಅವ. ಕೂಸಿಗೆ ಬೇಕಾದ್ದು ನೀರು, ಹಾಲು, ತಾಯಿಗೆ ನಾಕ ದಿನ ರಜಾ."

ಅವರ ಆಸೆ ಒಂದೇ. ಈ ತೋಟಗಳ ಜನಕ್ಕೆ ಒಂದು ಆಯುಷ್ಯದ ಕೋಷ್ಟಕ ಮಾಡಬೇಕು. ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಹೋದರು ಎಂದು ಒಂದೇ ಹಾಳೆಯಲ್ಲಿ ಕಾಣುವಂತಿರಬೇಕು. ಅದರಲ್ಲೂ ಎಳೆಯ ಕೂಸುಗಳ ಸಾಲು ಸರಿಯಾಗಿರಬೇಕು. ಆ ಸಾಲನ್ನೇ ನಾನು ಹಾಳುಮಾಡಿದ್ದು.

ನನ್ನ ಕೆಲಸ ಒಂದು ಬ್ಯಾಂಕಿನಲ್ಲಿ. ಗ್ರಾಹಕರ ಪಟ್ಟಿಯಲ್ಲಿ ಒಬ್ಬನೇ ಮನುಷ್ಯ ಎರಡು ಸಲ ನುಸುಳಿದ್ದರೆ ಹುಡುಕಿ ಒಂದನ್ನು ತೆಗೆಯುವುದು. ಹದಿನೈದು ವರ್ಷ ಅದನ್ನೇ ಮಾಡಿದ್ದೇನೆ, ಚೆನ್ನಾಗಿ ಮಾಡುತ್ತೇನೆ ಎಂಬ ಜಂಬವೂ ಇದೆ. ಸರ್ ಅವರ ಕಾರ್ಡುಗಳನ್ನು ಸಂಘದ ನಾಲ್ಕೈದು ಜನ ಶನಿವಾರ ಕೂತು ಕಂಪ್ಯೂಟರಿಗೆ ಏರಿಸಿದ್ದರು. ಒಬ್ಬರು ಮುಗಿಸಿದ ಡಬ್ಬಿಯನ್ನೇ ಇನ್ನೊಬ್ಬರು ಮತ್ತೆ ಏರಿಸಿದ್ದೂ ಇತ್ತು. ಆ ಎರಡೆರಡಾದ ಸಾಲುಗಳನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ಮಾಡುವ ಹಾಗೇ ಇಲ್ಲೂ ಮಾಡಿದೆ. ಹೆಸರು ಒಂದೇ, ತೋಟ ಒಂದೇ, ವರ್ಷ ಒಂದೇ ಆಗಿದ್ದರೆ ಒಂದು ಸಾಲು ಉಳಿಸಿ ಮಿಕ್ಕದ್ದು ತೆಗೆ ಎಂದು ಕಂಪ್ಯೂಟರಿಗೆ ಹೇಳಿದೆ. ತಾಯಿಯ ಹೆಸರಿನ ಕಾಲಮ್ಮೂ ಇತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬಳದೇ ಹೆಸರನ್ನು ಮೂವರು ಡ್ರೆಸ್ಸರುಗಳು ಮೂರು ಥರ ಬರೆದಿದ್ದರು, ತಲೆನೋವು. ಒಂದು ಶುಕ್ರವಾರ ಆಫೀಸಿನ ಊಟದ ಬಿಡುವಿನಲ್ಲಿ, ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪೊಟ್ಟಣ ಕಟ್ಟಿಸಿ, ತಂದಿದ್ದ ರೋಟಿ ತಿನ್ನುತ್ತಾ, ಎಡಗೈಯಲ್ಲಿ ಇದನ್ನು ಮಾಡಿ ಮುಗಿಸಿದೆ.

ಕೂಸು ಹುಟ್ಟಿ ಹೆಸರಿಡುವ ಮೊದಲೇ ಸತ್ತರೆ ಡ್ರೆಸ್ಸರ್ ಹೆಸರಿನ ಜಾಗದಲ್ಲಿ ಏನು ಬರೆಯುತ್ತಿದ್ದ? ಇಂಗ್ಲಿಷಿನಲ್ಲಿ ‘ಇನ್‌ಫಂಟ್’ ಎಂದು. ಹೆಣ್ಣಾದರೂ ಅದೇ, ಗಂಡಾದರೂ ಅದೇ, ಯಾವ ಮನೆಯದಾದರೂ ಅದೇ. ಹಾಗಾಗಿ ಒಂದು ತೋಟದಲ್ಲಿ ಒಂದು ವರ್ಷ ಹೆಸರಿಲ್ಲದೆ ಸತ್ತ ಕೂಸುಗಳೆಲ್ಲ ಕಂಪ್ಯೂಟರಿನ ಕಣ್ಣಿಗೆ ಒಂದೇ ಕೂಸು. ಒಂದನ್ನು ಉಳಿಸಿ ಮಿಕ್ಕೆಲ್ಲವನ್ನೂ ಅದು ತೆಗೆದುಹಾಕಿತು. ಹೆಸರಿಟ್ಟ ಮೇಲೆ ಸತ್ತವರು ಸುಖವಾಗಿ ಪಟ್ಟಿಯಲ್ಲಿ ಉಳಿದರು.

ಸರ್ ನನಗೆ ಒಂದೇ ಒಂದು ಷರತ್ತು ಹಾಕಿದ್ದರು. ಎಲ್ಲ ಮುಗಿದ ಮೇಲೆ ಯಾವುದಾದರೂ ಎರಡು ಡಬ್ಬಿ ತೆಗೆದು, ಕಾರ್ಡಿನ ಪಕ್ಕ ಸಾಲಿಟ್ಟು ತಾಳೆ ನೋಡಬೇಕು. ಒಂದು ಮಧ್ಯಾಹ್ನದ ಕೆಲಸ. ಅವರೇ ನೋಡುತ್ತಿದ್ದರು, ಆದರೆ ಆ ಹೊತ್ತಿಗೆ ಅವರ ಕಣ್ಣು ಮಂಜಾಗಿ ಪರದೆಯ ಮೇಲಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನನಗೆ ಆ ವಾರ ಮಗಳ ಶಾಲೆಯ ವಾರ್ಷಿಕೋತ್ಸವ, ಆಫೀಸಿನಲ್ಲಿ ಆಡಿಟ್. ಕಾಲ ಹೋಯಿತು.

"ತಾಳೆ ನೋಡಿದ್ರೇನು, ತಂಗಿ?"

"ನೋಡಿದೆ ಸರ್. ಎಲ್ಲಾ ಪರ್‌ಫೆಕ್ಟ್ ಆಗಿದೆ."

ಇಷ್ಟೇ ಮಾತು. ಬಾಯಿ ತುಂಬ ಸುಳ್ಳು ಹೇಳಿದೆ ಎಂದು ಆಗ ಅನ್ನಿಸಲೂ ಇಲ್ಲ. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಅದು.

ನಾನು ಕೊಟ್ಟ ಮೊತ್ತವನ್ನು ಅವರು ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ತುಂಬ ಹೊತ್ತು ನೋಡಿದರು. "ಯಾಕೋ ಕಡಿಮಿ ಅನಸ್ತದಲ್ರೀ" ಎಂದರು. ನನ್ನ ಎದೆ ಹಾರಲಿಲ್ಲ, ಅಷ್ಟು ನಂಬಿಕೆ ನನ್ನ ಮೇಲೆ ನನಗೇ. ಎರಡು ದಿನ ಬಿಟ್ಟು ಹೋದಾಗ ಸರ್ ಗೆಲುವಾಗಿದ್ದರು. ದಿನವೂ ಸಕ್ಕರೆಯಿಲ್ಲದ ಚಹಾ ಕುಡಿಯುವವರು ಅಂದು ಕಾಕು ಕೈಯಲ್ಲಿ ಎರಡು ಚಮಚ ಸಕ್ಕರೆ ಹಾಕಿಸಿಕೊಂಡಿದ್ದರು. "ನಲವತ್ತ ವರ್ಷ ನಾ ತಿಳಕೊಂಡಿದ್ದು ತಪ್ಪು ಅಂತ ಕಾಣಸ್ತದ ತಂಗಿ. ಭಾಳ ಕೂಸು ಹೋಗ್ಯಾವ ಅಂದ್ಕೊಂಡಿದ್ದೆ. ಅಷ್ಟ ಹೋಗಿಲ್ಲ! ಆ ಡ್ರೆಸ್ಸರ್ ಮಂದಿ ನಾ ತಿಳಕೊಂಡಕಿಂತ ಚಲೋ ಕೆಲಸ ಮಾಡ್ಯಾರ." ತಮ್ಮ ಊಹೆ ಸುಳ್ಳಾಯಿತು ಎಂದು ಇಷ್ಟು ಸಂತೋಷಪಟ್ಟ ವಿದ್ವಾಂಸರನ್ನು ನಾನು ಬೇರೆ ನೋಡಿಲ್ಲ. ಪುಸ್ತಕದಲ್ಲಿ ಅದನ್ನು ಬರೆದೂ ಬರೆದರು: ‘ನನ್ನ ಹಿಂದಿನ ಅಭಿಪ್ರಾಯ ತಪ್ಪಾಗಿತ್ತು.’ ಮುನ್ನುಡಿಯ ಕೊನೆಯಲ್ಲಿ ನನಗೆ ಕೃತಜ್ಞತೆ, ಪೂರ್ತಿ ಒಂದು ಪ್ಯಾರಾ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಾಂಗ್ಸಾರ್ ಹತ್ತಿರದ ಹಾಲ್ ಒಂದರಲ್ಲಿ ಬಿಡುಗಡೆ. ಸಂಘದವರು, ಸರ್ ಅವರ ಹಳೆಯ ವಿದ್ಯಾರ್ಥಿಗಳು, ಜೊತೆಗೆ ಆ ತೋಟಗಳಲ್ಲಿ ಹುಟ್ಟಿ ಬೆಳೆದ ತಮಿಳು ಕುಟುಂಬಗಳು. ವಡೆ, ಕೇಸರಿಭಾತು, ಬಂದವರಿಗೆಲ್ಲ ಒಂದೊಂದು ಪುಸ್ತಕ. ಕೊನೆಯಲ್ಲಿ ತೋಟ ತೋಟದ, ವರ್ಷ ವರ್ಷದ ಲೆಕ್ಕ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ನಾನೇ ತೆಗೆದು ನೇರ ಪ್ರೆಸ್ಸಿಗೆ ಕಳಿಸಿದ್ದೆ. ಭಾಷಣಗಳು ಮುಗಿದು ಚಹಾಕ್ಕೆ ಏಳಬೇಕು ಎನ್ನುವಾಗ ಮೂರನೇ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತರು. ಪಕ್ಕದಲ್ಲಿ ಪುಸ್ತಕ ಹಿಡಿದ ಮೊಮ್ಮಗಳು. ಮುದುಕಿ ತಮಿಳಿನಲ್ಲಿ ಕೇಳಿದರು.

"ಐಯಾ, ನಮ್ಮ ತೋಟದ ಹೆಸರು ಇದರಲ್ಲಿದೆ ಅಂತ ಇವಳು ಓದಿ ಹೇಳಿದಳು. ಸಂತೋಷ. ನನಗೆ ಒಂಬತ್ತು ವಯಸ್ಸಾಗಿದ್ದ ವರ್ಷದ ಲೆಕ್ಕವನ್ನೂ ಓದಿಸಿಕೊಂಡೆ. ಆ ವರ್ಷ ನಮ್ಮಮ್ಮ ಅವಳಿ ಹೆತ್ತಳು, ಎರಡೂ ಹೋದವು. ನಮ್ಮ ಲೈನಿನಲ್ಲೇ ಇನ್ನೂ ಮೂರು ಮನೆಯಲ್ಲಿ ಹೋದವು. ನಮ್ಮಪ್ಪನ ಹಿಂದೆ ನಾನೂ ನಡೆದುಕೊಂಡು ಹೋಗಿದ್ದೆ, ಐದು ಗುಂಡಿ ನನ್ನ ಕಣ್ಣಲ್ಲೇ ನೋಡಿದ್ದೇನೆ. ಇದರಲ್ಲಿ ಒಂದು ಅಂತ ಹಾಕಿದ್ದೀರಿ. ಮಿಕ್ಕ ನಾಲ್ಕು ಎಲ್ಲಿ ಸಾರ್?"

ಕೋಪದಿಂದ ಕೇಳಿದ್ದಲ್ಲ. ತನಗೇನೋ ತಿಳಿಯಲಿಲ್ಲ, ಓದಿದವರು ಬಿಡಿಸಿ ಹೇಳಲಿ ಎನ್ನುವ ಹಾಗೆ ಕೇಳಿದರು. ಸರ್ ತೋಟದ ಹೆಸರು ಕೇಳಿದರು, ತಾಯಿಯ ಹೆಸರು ಕೇಳಿದರು. ಆಮೇಲೆ ಕನ್ನಡಕ ತೆಗೆದು ಮೈಕಿನ ಪಕ್ಕ ಇಟ್ಟರು. ಆ ಕಾರ್ಡುಗಳು ಅವರಿಗೆ ನೆನಪಿದ್ದವು ಎಂದು ನನಗೆ ಅನ್ನಿಸಿತು. ಅವರು ನನ್ನ ಕಡೆ ತಿರುಗಿದರು. ನಾನು ಮೊದಲ ಸಾಲಿನಲ್ಲೇ ಕೂತಿದ್ದೆ, ರೇಷ್ಮೆ ಸೀರೆ ಉಟ್ಟು. ನಾನು ಫೋನ್ ತೆಗೆದು ಏನೋ ಮೆಸೇಜು ಬಂದವಳ ಹಾಗೆ ಅದನ್ನು ನೋಡತೊಡಗಿದೆ. ನೋಡಲು ಅದರಲ್ಲಿ ಏನೂ ಇರಲಿಲ್ಲ.

"ತಪ್ಪು ನನ್ನದು ಅಮ್ಮಾ" ಎಂದರು ಸರ್, ತಮ್ಮ ಧಾರವಾಡದ ತಮಿಳಿನಲ್ಲಿ. "ಎಣಿಸಿದವನು ನಾನು. ನಿಮ್ಮ ಕೂಸುಗಳನ್ನು ಬಿಟ್ಟಿದ್ದೇನೆ. ಮತ್ತೆ ಎಣಿಸುತ್ತೇನೆ." ಅಷ್ಟು ಹೇಳಿ ವೇದಿಕೆ ಇಳಿದು ನೇರ ಬಾಗಿಲಿಗೆ ಹೋಗಿ ನಿಂತರು. ಹೊರಗೆ ಹೋಗುವ ಪ್ರತಿಯೊಬ್ಬರ ಮುಂದೂ ಕೈ ಚಾಚಿ ಪುಸ್ತಕ ವಾಪಸು ಕೇಳಿದರು. ಕೆಲವರು ನಕ್ಕರು, ಕೆಲವರು ಇರಲಿ ಬಿಡಿ ಸರ್ ಎಂದರು, ಅವರು ಕೈ ಕೆಳಗಿಳಿಸಲಿಲ್ಲ. ತಮ್ಮದೇ ಪುಸ್ತಕವನ್ನು ತಾವೇ ಬಾಗಿಲಲ್ಲಿ ನಿಂತು ಹಿಂದಕ್ಕೆ ಪಡೆಯುತ್ತಿದ್ದ ಅವರ ಪಕ್ಕದಲ್ಲಿ ನಿಂತು ರಟ್ಟಿನ ಪೆಟ್ಟಿಗೆಗೆ ಜೋಡಿಸುತ್ತಿದ್ದವಳು ನಾನು. ಸಹಾಯ ಮಾಡುತ್ತಿದ್ದೇನೆ ಎಂದು ಎಲ್ಲರೂ ನನ್ನನ್ನು ಮೆಚ್ಚಿಕೊಂಡರು.

ಮನೆಗೆ ಬಂದವಳೇ ಕಂಪ್ಯೂಟರ್ ತೆರೆದೆ. ತಪ್ಪು ಸಿಕ್ಕಲು ಕಾಲು ಗಂಟೆ ಸಾಕಾಯಿತು. ಹೆಸರು ಬಿಟ್ಟು, ಎರಡು ಸಲ ಏರಿದ ಡಬ್ಬಿಯನ್ನಷ್ಟೇ ತೆಗೆ ಎಂದು ಸರಿಮಾಡಲು ಹತ್ತು ನಿಮಿಷ. ಹೊಸ ಕೋಷ್ಟಕ ಬಂತು. ಸರ್ ನಲವತ್ತು ವರ್ಷ ತಿಳಿದುಕೊಂಡಿದ್ದೇ ನಿಜವಾಗಿತ್ತು. ಅದನ್ನು ಆಗಲೇ ಅವರಿಗೆ ಕಳಿಸಬಹುದಿತ್ತು. ಕಳಿಸಿದರೆ, ತಾಳೆ ನೋಡಿದೆ ಎಂದಿದ್ದು ಸುಳ್ಳು ಎಂದು ಒಪ್ಪಿಕೊಂಡಂತೆ. ನಾಳೆ ಕಳಿಸೋಣ ಎಂದುಕೊಂಡೆ.

ಬುಧವಾರ ಅವರೇ ಫೋನ್ ಮಾಡಿದರು.

"ತಂಗಿ, ಹೆಸರಿಲ್ಲದ ಕೂಸೆಲ್ಲಾ ಒಂದರಾಗ ಒಂದು ಕೂಡ್ಯಾವ. ಹೆಂಗಾತು, ನಿಮಗೇನರ ಗೊತ್ತಾಗತದೇನು?"

ಇದಕ್ಕಿಂತ ಮೆತ್ತಗೆ ಯಾರೂ ಬಾಗಿಲು ತೆರೆದಿಡಲಾರರು. "ಗೊತ್ತಿಲ್ಲ ಸರ್, ಸಿಸ್ಟಮ್‌ನಲ್ಲಿ ಏನೋ ಪ್ರಾಬ್ಲಮ್ ಆಗಿರಬೇಕು. ನೋಡ್ತೀನಿ" ಎಂದೆ.

"ಹೂಂ. ಸಿಸ್ಟಮ್. ಇರಲಿ ಬಿಡ್ರಿ. ಈ ಸಲ ಕಾರ್ಡ್ ಮ್ಯಾಲೆ ಕೈ ಇಟ್ಟ ಎಣಸ್ತೀನಿ. ಬಿಡುವಿದ್ದಾಗ ಬರ್ರಿ."

ನನಗೆ ಬಿಡುವು ಸಿಗಲಿಲ್ಲ. ಒಂದು ವಾರ ಆಡಿಟ್, ಒಂದು ವಾರ ಮಗಳಿಗೆ ಜ್ವರ, ಆಮೇಲೆ ಕಾರಣ ಹುಡುಕುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅವರ ಬೀದಿ ತಪ್ಪಿಸಿ ಎಲ್‌ಆರ್‌ಟಿ ರೈಲಿನ ಸ್ಟೇಷನ್ನಿಗೆ ಸುತ್ತು ಬಳಸಿ ಹೋಗುತ್ತಿದ್ದೆ. ಮಗಳು ಒಂದು ದಿನ, "ವೈ ಆರ್ ವಿ ವಾಕಿಂಗ್ ದಿಸ್ ವೇ, ಅಮ್ಮಾ?" ಎಂದು ಕೇಳಿದಳು. ನೆರಳಿದೆ ಎಂದೆ.

ದೀಪಾವಳಿಗೆ ಮಾತ್ರ ಹೋಗಲೇಬೇಕೆನ್ನಿಸಿತು. ಸಿಹಿ ಡಬ್ಬಿ ತೆಗೆದುಕೊಂಡೆ, ಸರಿಮಾಡಿದ ಕೋಷ್ಟಕವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೈಚೀಲದೊಳಗೆ ಇಟ್ಟುಕೊಂಡೆ. ಇವತ್ತು ಹೇಳಿಬಿಡುತ್ತೇನೆ ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡೆ. ಸರ್ ಮೇಜಿನ ಮುಂದೆ ಇದ್ದರು. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಪೆನ್ಸಿಲ್. ಒಂದೊಂದೇ ಕಾರ್ಡನ್ನು ಮೂಗಿಗೆ ತಾಕುವಷ್ಟು ಹತ್ತಿರ ತಂದು ಓದಿ, ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದರು. ನಾಲ್ಕು ಗೀಟು, ಐದನೆಯದು ಅಡ್ಡ. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದರು. ನನ್ನ ಕಂಡು ನಿಜವಾಗಿಯೂ ಸಂತೋಷಪಟ್ಟರು. ಕಾರ್ಡುಗಳನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟರು. ಮಗಳ ಪರೀಕ್ಷೆ ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ಡಬ್ಬಿ ಮುಗಿದಿವೆ ಎಂದರು. ಪುಸ್ತಕದ ವಿಷಯವಾಗಿ, ಹಾಲ್‌ನ ವಿಷಯವಾಗಿ ಒಂದು ಮಾತಿಲ್ಲ. ನನ್ನ ಕೈ ಚೀಲದೊಳಗೆ ಆ ಪೆನ್‌ಡ್ರೈವನ್ನು ಹಿಡಿದುಕೊಂಡೇ ಇತ್ತು. ಅವರು ಏಪ್ರಿಲ್‌ನಿಂದ ಕಣ್ಣು ಹಿಂಡಿ ಮಾಡುತ್ತಿದ್ದ ಕೆಲಸವಿಡೀ ಅದರಲ್ಲಿತ್ತು. ಇಷ್ಟು ದಿನ ಬಿಟ್ಟು ಈಗ ಕೊಟ್ಟರೆ, ಮೊದಲೇ ಯಾಕೆ ಕೊಡಲಿಲ್ಲ ಎನ್ನುವುದಕ್ಕೆ ಏನು ಹೇಳಲಿ? ಚಕ್ಕುಲಿ ತಿಂದು, ಚಹಾ ಕುಡಿದು, ಪೆನ್‌ಡ್ರೈವನ್ನು ಹಾಗೇ ವಾಪಸು ತಂದೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ತಿಂಡಿ ತಿಂದು ಮೇಜಿನ ಮುಂದೆ ಕೂತವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಆರು ಡಬ್ಬಿ ಎಣಿಸುವುದು ಬಾಕಿಯಿತ್ತು.

ಸ್ಮರಣ ಸಂಚಿಕೆಗೆಂದು ನಾನು ಕಳೆದ ತಿಂಗಳು ಕಾಕು ಹತ್ತಿರ ಹೋಗಿ ಆ ನೋಟ್‌ಬುಕ್ಕುಗಳನ್ನು ಕೇಳಿ ತಂದೆ. ಅವರು ಎಣಿಸಿದಷ್ಟನ್ನು ನನ್ನ ಹೊಸ ಕೋಷ್ಟಕದ ಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿದೆ. ಈ ಸಲ ನಿಜವಾಗಿ ನೋಡಿದೆ, ಎರಡು ಶನಿವಾರ, ಎರಡು ಭಾನುವಾರ. ಒಂದು ಕೂಸೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹತ್ತು ನಿಮಿಷದಲ್ಲಿ ಸಿಗುತ್ತಿದ್ದದ್ದನ್ನು ಆ ಕಣ್ಣಿನಲ್ಲಿ ಎಂಟು ತಿಂಗಳು ಹುಡುಕಿದ್ದರು. ನಾನು ತುಂಬ ಅತ್ತೆ. ಅತ್ತದ್ದರಿಂದ ಹಗುರವೇನೂ ಆಗಲಿಲ್ಲ.

ಹೋದ ಭಾನುವಾರ ನೋಟ್‌ಬುಕ್ ಹಿಂದಿರುಗಿಸಲು ಹೋದೆ. ಕಾಕು ಒಬ್ಬರೇ ಇದ್ದರು. ಸರಿಯಾದ ಕೋಷ್ಟಕ ಸಿದ್ಧವಾಗಿದೆ, ಉಳಿದ ಆರು ಡಬ್ಬಿಗಳೂ ಅದರಲ್ಲಿ ಸೇರಿವೆ, ಪುಸ್ತಕ ಮತ್ತೆ ಅಚ್ಚು ಹಾಕಿಸಬಹುದು ಎಂದೆ. ಅವರ ಮುಖ ಅರಳಿತು. "ಚಲೋ ಆತು ನೋಡ್ರಿ. ಮುನ್ನುಡಿ ಹಂಗ ಇರ್ಲಿ. ನಿಮ್ಮ ಹೆಸರು ಅವರ ಕೈಯಾರೆ ಬರದದ್ದು" ಎಂದರು. ಅದಕ್ಕೆ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ತಾಳೆ ನೋಡದೆ ನೋಡಿದೆ ಎಂದದ್ದು, ಹಾಲ್‌ನಲ್ಲಿ ಫೋನ್ ನೋಡಿದ್ದು, ಸಿಸ್ಟಮ್ ಎಂದದ್ದು, ದೀಪಾವಳಿಯ ದಿನ ಪೆನ್‌ಡ್ರೈವ್ ವಾಪಸು ತಂದದ್ದು. ಸರ್‌ಗೆ ಗೊತ್ತಿತ್ತು, ಕಾಕುಗೂ ಹೇಳಿರುತ್ತಾರೆ ಎಂದುಕೊಂಡೇ ಹೇಳಿದೆ. ಕ್ಷಮಿಸಿದ್ದೇನೆ ಎಂದು ಅವರ ಬಾಯಿಂದ ಕೇಳುವ ಆಸೆ ಒಳಗೆ ಇತ್ತು, ಅದನ್ನೇಕೆ ಮುಚ್ಚಿಡಲಿ.

"ತಪ್ಪು ಅವರದಲ್ಲೇನು?" ಎಂದರು ಕಾಕು. "ನನಗೂ ತಮ್ಮದ ತಪ್ಪು ಅಂತ ಹೇಳಿದ್ರು. ಕಣ್ಣು ಕೈಕೊಟ್ವು, ನಾನ ನೋಡಲಿಲ್ಲ ಅಂದ್ರು. ಎಂಟ ತಿಂಗಳು ದಿನಾ ಬೈದೆನ್ರೀ ನಾ ಅವರಿಗೆ. ಮುಪ್ಪಿನಾಗ ಮಂದಿ ಮುಂದ ಮಾನಾ ಕಳಕೊಂಡ್ರಿ, ಈಗ ಕಣ್ಣು ಕಳಕೊಳ್ಳಾಕ ಕೂತೀರಿ, ನಿಮ್ಮ ತಪ್ಪಿಗೆ ನಾ ಯಾಕ ಈ ಮನ್ಯಾಗ ಒಬ್ಬಾಕಿನ ಕೂಡಬೇಕು ಅಂತ ಬೈದೆ. ಅವತ್ತ ಮುಂಜಾನೆನೂ ಬೈದೆ. ತಿಂಡಿ ತಾಟು ಇಟ್ಟು, ಬೈದು, ಒಳಗ ಹೋದೆ. ಹೊರಗ ಬರೂದ್ರಾಗ..."

ಅವರು ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಅವರಿದ್ದಾಗ ಹೇಳಿದ್ರ ಆ ಬೈಗುಳ ನಿಮಗ ಬೈತಿದ್ದೆ, ತಂಗಿ. ಅವರು ಸುಮ್ಮನ ಕೇಳಿಕೊಂಡ ಹೋದ್ರಲ್ಲ."

"ಈಗ ನನಗೇ ಬೈಯ್ರಿ ಕಾಕು" ಎಂದೆ.

ಅವರು ನನ್ನ ಕೈಯಿಂದ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಒಳಗೆ ಹೋದರು. ಬೈಯಲಿಲ್ಲ.